ಗೌರಿ, ಕರಿಯ ಇದ್ದ ಮನೆಗೆ ಬೆಲ್ಲ ಬಂದಾಗ

ಮನೆಯಲ್ಲಿ ಆಗಲೇ ದೊಡ್ಡ ನಾಯಿ ಇದೆ, ಜೊತೆಗೊಂದು ಮರಿ ತರೋಣ ಅಂತ ಯೋಚಿಸುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಸಂಕ್ರಾಂತಿಯಿಂದ ಯುಗಾದಿವರೆಗೆ ನಮ್ಮ ಮನೆಯಲ್ಲಿ ಇದೇ ಕೆಲಸ. ಈಗಷ್ಟೇ ಒಂದು ಹದಕ್ಕೆ ಬಂದಿದೆ. "ದೊಡ್ಡ ನಾಯಿ ಮರೀನ ತಾಯಿ ಥರ ನೋಡ್ಕೊಳ್ಳುತ್ತೆ" ಅಂದವರೂ ಇದ್ದರು. "ಕಚ್ಚಿ ಸಾಯಿಸಿಬಿಡುತ್ತೆ, ಹುಷಾರು" ಅಂತ ಹೆದರಿಸಿದವರೂ ಇದ್ದರು. ನಮ್ಮಲ್ಲಿ ಎರಡೂ ಆಗಲಿಲ್ಲ. ನಿಜವಾಗಿ ಏನಾಗುತ್ತದೆ ಅಂತ ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟೋ ರಾತ್ರಿಯ ನಿದ್ದೆ ಉಳಿಯುತ್ತಿತ್ತು.

ನಾವಿರುವುದು ಮೈಸೂರಿನ ರಾಮಕೃಷ್ಣನಗರದಲ್ಲಿ. ನಾನು, ನಮ್ಮನೆಯವರು, ಅತ್ತೆ, ಐದನೇ ಕ್ಲಾಸಿನಲ್ಲಿ ಓದುವ ಮಗಳು. ಗೌರಿ 9 ವರ್ಷದ ಲ್ಯಾಬ್ರಡಾರ್. ಕರಿಯ 4 ವರ್ಷದ ಬೀದಿ ನಾಯಿ. ಲಿಂಗಾಂಬುಧಿ ಕೆರೆ ಹತ್ತಿರ ಕಾಲು ಮುರಿದುಕೊಂಡು ಬಿದ್ದಿದ್ದವನು, ಚಿಕಿತ್ಸೆ ಆದಮೇಲೆ ನಮ್ಮಲ್ಲೇ ಉಳಿದ. ಅವನು ಬಂದಾಗಲೇ ಬೆಳೆದ ನಾಯಿ. ಹಾಗಾಗಿ ಗೌರಿ ತನ್ನ ಇಡೀ ಜೀವನದಲ್ಲಿ ಒಂದು ಎಳೆ ಮರಿಯ ಜೊತೆ ಇದ್ದವಳೇ ಅಲ್ಲ. ಇದು ಮುಖ್ಯ. ಮರಿಗಳನ್ನು ನೋಡಿ ಗೊತ್ತಿರುವ ನಾಯಿಗೂ ಗೊತ್ತಿಲ್ಲದ ನಾಯಿಗೂ ತುಂಬಾ ವ್ಯತ್ಯಾಸ ಇರುತ್ತದೆ.

ಮರಿ ಬಂದಿದ್ದು ಪಾಂಡವಪುರದ ಕಡೆ ಇರುವ ಚಿಕ್ಕಪ್ಪನ ಆಲೆಮನೆಯಿಂದ. ಅಲ್ಲಿ ಬೆಲ್ಲದ ಅಚ್ಚು ಕಾಯುವ ಒಂದು ಕಂದು ನಾಯಿ ಇದೆ. ದೀಪಾವಳಿ ಕಳೆದು ಕೆಲವು ವಾರಕ್ಕೆ ಮರಿ ಹಾಕಿತ್ತು. ಡಿಸೆಂಬರ್‌ನಲ್ಲಿ ಚಿಕ್ಕಪ್ಪ ಫೋನ್ ಮಾಡಿದರು. "ನಾಕ್ ಮರಿಲಿ ಒಂದ್ ಉಳ್ಕಂಡದೆ ಕಣವ್ವ, ತಕೊಂಡೋಗು. ಇಲ್ಲಿ ಗಾಣ, ಕೊಪ್ಪರಿಗೆ, ಟ್ರ್ಯಾಕ್ಟ್ರು... ಯಾವತ್ತು ಏನಾಯ್ತದೋ." ಉಳಿದ ಮೂರನ್ನು ಅಕ್ಕಪಕ್ಕದ ತೋಟದವರು ಆಗಲೇ ಎತ್ತಿಕೊಂಡು ಹೋಗಿದ್ದರು. ಆಗ ಮರಿಗೆ ಇನ್ನೂ ಐದು ವಾರವೂ ತುಂಬಿರಲಿಲ್ಲ. 8 ವಾರ ಆಗುವವರೆಗೆ ತಾಯಿ ಜೊತೆಗೇ ಬಿಡಿ ಅಂತ ನಾನು ಹಟ ಹಿಡಿದೆ. ನಾಯಿ ಸಾಕಿ ಮಾರುವವರಿಗೆ ಅಂತ 2017ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮದಲ್ಲೂ 8 ವಾರಕ್ಕಿಂತ ಚಿಕ್ಕ ಮರಿ ಮಾರುವ ಹಾಗಿಲ್ಲ. ಕಾರಣ ಸುಲಭ. ಎಷ್ಟು ಜೋರಾಗಿ ಕಚ್ಚಿದರೆ ಎದುರಿನವರಿಗೆ ನೋವಾಗುತ್ತದೆ ಅನ್ನೋದನ್ನು ಮರಿ ಕಲಿಯುವುದು ತಾಯಿ ಮತ್ತು ಒಡಹುಟ್ಟಿದವರ ಹತ್ತಿರ. ನಮ್ಮ ಮರಿಗೆ ಒಡಹುಟ್ಟಿದವರು ಬೇಗ ದೂರವಾದರು. ಅದರ ಪರಿಣಾಮವನ್ನು ಮುಂದೆ ನಮ್ಮ ಕೈಬೆರಳು, ಗೌರಿಯ ಕಿವಿ, ಕರಿಯನ ಬಾಲ ಎಲ್ಲಾ ಅನುಭವಿಸಿದವು.

ಮರಿ ತರುವ ಮುಂಚೆಯೇ ನಮ್ಮ ಪಶುವೈದ್ಯರ ಹತ್ತಿರ ಹೋದೆ. ಅವರು ಹೇಳಿದ ಮೊದಲ ಮಾತು: "ಮೇಡಂ, ಮರಿ ವಿಚಾರ ಆಮೇಲೆ. ಮೊದಲು ನಿಮ್ಮ ದೊಡ್ಡೋರ ಕಾರ್ಡ್ ತೋರಿಸಿ." ಗೌರಿಯದು, ಕರಿಯನದು ಎರಡೂ ಲಸಿಕೆ ಪುಸ್ತಕ ನೋಡಿದರು. ಕರಿಯನ ವಾರ್ಷಿಕ ಬೂಸ್ಟರ್ ಸಮಯ ಹತ್ತಿರ ಇತ್ತು, ಅದನ್ನು ಅವತ್ತೇ ಹಾಕಿದರು. ನಿಮ್ಮ ಪುಸ್ತಕವನ್ನೂ ಒಮ್ಮೆ ತೆಗೆದು ನೋಡಿ. ಪ್ರತಿ ಲಸಿಕೆಗೂ ಬಾಟಲಿಯ ಚಿಕ್ಕ ಸ್ಟಿಕ್ಕರ್, ತಾರೀಖು, ಡಾಕ್ಟರ ಸಹಿ ಮತ್ತು ಸೀಲು ಇರಬೇಕು. ಮುಂದೆ ನಾಯಿ ಲೈಸೆನ್ಸ್‌ಗೂ, ಊರಿಗೆ ಹೋಗುವಾಗ ಬೋರ್ಡಿಂಗ್‌ನಲ್ಲಿ ಬಿಡುವುದಕ್ಕೂ ಇದನ್ನೇ ಕೇಳುತ್ತಾರೆ.

ಸಂಕ್ರಾಂತಿ ಮುಗಿದ ಮಾರನೇ ದಿನ ಮರಿಯನ್ನು ಕರೆತಂದೆವು. ರಟ್ಟಿನ ಡಬ್ಬ, ಒಳಗೆ ತಾಯಿ ಮಲಗುತ್ತಿದ್ದ ಗೋಣಿಚೀಲದ ಒಂದು ತುಂಡು. ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ವಾಂತಿ ಮಾಡಿಕೊಂಡಿತು. ಹೊರಡುವ ಮುಂಚೆ ಹೊಟ್ಟೆ ತುಂಬಾ ಹಾಲು ಅನ್ನ ಹಾಕುತ್ತಾರೆ, ಬೇಡ ಅನ್ನಿ. ಎಳ್ಳು ಬೀರಿ ಬಂದಿದ್ದ ಮಗಳು ದಾರಿಯಲ್ಲೇ "ಬೆಲ್ಲ" ಅಂತ ಹೆಸರಿಟ್ಟಾಗಿತ್ತು.

ಆ ದಿನ ಗೌರಿ, ಕರಿಯ ಇಬ್ಬರೂ ಮರಿಯನ್ನು ನೋಡಲೇ ಇಲ್ಲ. ಮರಿಯ ಮೈಯಲ್ಲಿ ಏನೇನಿದೆ ಅಂತ ಗೊತ್ತಾಗುವವರೆಗೆ, ಸುಮಾರು ಎರಡು ವಾರ, ಮಹಡಿ ಮೇಲಿನ ಚಿಕ್ಕ ರೂಮಿನಲ್ಲಿ ಬೇರೆ ಇಡಿ ಅಂತ ಡಾಕ್ಟರು ಹೇಳಿದ್ದರು. ಮುಖ್ಯ ಭಯ ಪಾರ್ವೊ. ವಾಂತಿ, ರಕ್ತ ಭೇದಿ ಆಗಿ ಎಳೆ ಮರಿಗಳು ಕೆಲವೇ ದಿನದಲ್ಲಿ ಸತ್ತುಹೋಗುವ ಕಾಯಿಲೆ. ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಮನೆಯಲ್ಲಿ ಹಾಕುವ ಫಿನಾಯಿಲ್‌ಗೆ ಅದು ಸಾಯುವುದಿಲ್ಲ. 30 ಪಾಲು ನೀರಿಗೆ ಒಂದು ಪಾಲು ಬ್ಲೀಚ್ ಬೆರೆಸಿ ಒರೆಸಬೇಕು. ರೂಮಿಗೆ ಬೇರೆ ಚಪ್ಪಲಿ, ಬಂದಮೇಲೆ ಸೋಪು ಹಾಕಿ ಕೈ ತೊಳೆಯುವುದು. ಅತ್ತೆಗೆ ಇದು ಅತಿ ಅನ್ನಿಸಿತು. ಆದರೆ ಚಾಚೂ ತಪ್ಪದೆ ಪಾಲಿಸಿದವರೂ ಅವರೇ.

ಆ ಎರಡು ವಾರದಲ್ಲಿ ಮರಿಯಿಂದ ಹೊರಬಂದದ್ದೆಲ್ಲಾ ನೋಡಿದರೆ ಬೇರೆ ಇಟ್ಟಿದ್ದು ಒಳ್ಳೆಯದಾಯಿತು. ಜಂತುಹುಳದ ಔಷಧಿ ಕೊಟ್ಟ ಮಾರನೇ ದಿನ ಮಲದಲ್ಲಿ ಶಾವಿಗೆಯಂಥ ಬಿಳಿ ಹುಳಗಳು. ಕಿವಿಯ ಒಳಗೆ, ಬೆರಳುಗಳ ಸಂದಿಯಲ್ಲಿ ಉಣ್ಣೆ ಹುಳ. ದೊಡ್ಡ ನಾಯಿಗೆ ಹಾಕುವ ಉಣ್ಣೆ ಔಷಧಿಯನ್ನು ಮರಿಗೆ ಹಾಕಬೇಡಿ, ಪ್ರಾಣಕ್ಕೇ ಕುತ್ತು ಬರಬಹುದು. ನಾವು ಡಾಕ್ಟರು ಕೊಟ್ಟ ಸ್ಪ್ರೇ ಹಾಕಿದೆವು, ಉಳಿದದ್ದನ್ನು ಚಿಮಟದಲ್ಲಿ ಕಿತ್ತೆವು. ಲಸಿಕೆ ವಿಷಯದಲ್ಲಿ ನನಗೆ ಒಂದು ಅನುಮಾನ ಇತ್ತು. ಒಂದೇ ಲಸಿಕೆಯನ್ನು ಮೂರು ನಾಲ್ಕು ವಾರಕ್ಕೊಮ್ಮೆ ಯಾಕೆ ಮತ್ತೆ ಮತ್ತೆ ಹಾಕುತ್ತಾರೆ? ತಾಯಿ ಹಾಲಿನಿಂದ ಬಂದ ರಕ್ಷಣೆ ಮರಿಯ ರಕ್ತದಲ್ಲಿ ಇರುವಷ್ಟು ದಿನ ಲಸಿಕೆ ಸರಿಯಾಗಿ ಕೆಲಸ ಮಾಡುವುದಿಲ್ಲವಂತೆ. ಅದು ಯಾವಾಗ ಕರಗುತ್ತದೆ ಅಂತ ಒಂದೊಂದು ಮರಿಗೆ ಒಂದೊಂದು ಲೆಕ್ಕ. ಅದಕ್ಕೇ 16 ವಾರದವರೆಗೆ ಮತ್ತೆ ಮತ್ತೆ ಹಾಕುವುದು. ಒಂದು ಡೋಸ್ ಹಾಕಿಸಿ "ಆಯ್ತಲ್ಲ" ಅಂತ ಮರಿಯನ್ನು ಬೀದಿಗೆ ಬಿಡಬೇಡಿ.

ಇದರ ಮಧ್ಯೆ ನಾವು ಎಣಿಸದೇ ಇದ್ದ ಒಂದು ತೊಂದರೆ ಬಂತು. ಮಗಳು ಮರಿಯ ಜೊತೆ ಆಡುವಾಗ ಹಾಲುಹಲ್ಲು ಬೆರಳಿಗೆ ಚುಚ್ಚಿ ರಕ್ತ ಬಂತು. ಹಾಲುಹಲ್ಲು ಸೂಜಿಯಷ್ಟೇ ಸಣ್ಣ, ಗಾಯ ಕಾಣುವುದೇ ಇಲ್ಲ. ಆದರೆ ಮರಿಗೆ ರೇಬೀಸ್ ಲಸಿಕೆ ಹಾಕುವ ವಯಸ್ಸು ಬಂದಿರಲಿಲ್ಲ, ತಾಯಿಗೂ ಲಸಿಕೆ ಆಗಿರಲಿಲ್ಲ. ಡಾಕ್ಟರು ಸ್ವಲ್ಪವೂ ತಡಮಾಡದೆ ಮಗಳಿಗೆ ರೇಬೀಸ್ ಇಂಜೆಕ್ಷನ್ ಹಾಕಿಸಿ ಅಂದರು. ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಸರ್ಕಾರಿ ಆಸ್ಪತ್ರೆಗೆ ಹೋದೆವು. ಅಲ್ಲಿ ಈ ಲಸಿಕೆ ಉಚಿತ. ಆಧಾರ್ ಕಾರ್ಡಿನ ಜೆರಾಕ್ಸ್ ಇಟ್ಟುಕೊಳ್ಳಿ, ಬೆಳಿಗ್ಗೆ ಬೇಗ ಹೋಗಿ. ಮೊದಲ ದಿನ, 3, 7, 28ನೇ ದಿನ ಅಂತ ಬರೆದುಕೊಟ್ಟ ಚೀಟಿಯನ್ನು ಫ್ರಿಜ್ ಮೇಲೆ ಅಂಟಿಸಿದೆ. "ಇಷ್ಟು ಚಿಕ್ಕ ಮರಿ, ಏನಾಗುತ್ತೆ ಬಿಡಿ" ಅನ್ನುವವರ ಮಾತು ಕೇಳಬೇಡಿ. ರೇಬೀಸ್ ಕಾಣಿಸಿಕೊಂಡ ಮೇಲೆ ಉಳಿಸಿಕೊಳ್ಳಲು ಔಷಧಿ ಇಲ್ಲ.

ಕೆಳಗೆ ಇಬ್ಬರು ಹಿರಿಯರಿಗೆ ಮೇಲೆ ಏನೋ ಇದೆ ಅಂತ ಮೊದಲ ಗಂಟೆಯಲ್ಲೇ ಗೊತ್ತಾಗಿತ್ತು. ಕರಿಯ ಮೆಟ್ಟಿಲ ಮೇಲೆ ಕೂತು ಬಾಗಿಲ ಸಂದಿಗೆ ಮೂಗು ಹಚ್ಚಿ ಜೋರಾಗಿ ಮೂಸುತ್ತಿದ್ದ. ಗೌರಿ ಮೆಟ್ಟಿಲು ಹತ್ತಲಿಲ್ಲ. ಆಗ ವಯಸ್ಸಾಯಿತಲ್ಲ ಅಂದುಕೊಂಡೆವು. ಮರಿ ಮಲಗುವ ಟವೆಲ್ ಕೆಳಗೆ ತಂದು ಇವರ ಹತ್ತಿರ ಇಡುತ್ತಿದ್ದೆ, ಇವರ ಬಟ್ಟೆ ಮರಿಯ ಹತ್ತಿರ. ನೋಡುವ ಮುಂಚೆ ವಾಸನೆ ಪರಿಚಯ ಆಗಲಿ ಅಂತ. ಟವೆಲ್ ಇಟ್ಟಾಗಲೆಲ್ಲಾ ಇಬ್ಬರಿಗೂ ಒಂದೊಂದು ಚೂರು ಬೇಯಿಸಿದ ಕೋಳಿ. ಇದು ಬಹಳ ಚಿಕ್ಕ ಕೆಲಸ. ಆದರೆ ಮರಿ ಬಂತು ಅಂದರೆ ಒಳ್ಳೆಯದು ಬರುತ್ತದೆ ಅನ್ನೋದು ಅವರ ತಲೆಯಲ್ಲಿ ಅಲ್ಲಿಂದಲೇ ಶುರುವಾಯಿತು.

ಮುಖಾಮುಖಿ ಮಾಡಿಸುವ ಜಾಗ ಮನೆ ಆಗಬಾರದು ಅಂತ ಡಾಕ್ಟರು ಹೇಳಿದ್ದರು. ಹಾಲ್, ಹಿತ್ತಲು ಎಲ್ಲಾ ಹಿರಿಯರ ಜಾಗ. ಬೀದಿಗೆ, ಪಾರ್ಕಿಗೆ ಮರಿಯನ್ನು ಇಳಿಸುವ ಹಾಗಿಲ್ಲ, ಲಸಿಕೆ ಮುಗಿದಿಲ್ಲ. ಕೊನೆಗೆ ಪಕ್ಕದ ಮನೆ ಆಂಟಿ ತಮ್ಮ ತಾರಸಿ ಬಿಟ್ಟುಕೊಟ್ಟರು. ಅಲ್ಲಿಗೆ ನಮ್ಮ ನಾಯಿಗಳು ಯಾವತ್ತೂ ಹೋಗಿಲ್ಲ, ಬೇರೆ ನಾಯಿಯೂ ಬರುವುದಿಲ್ಲ. ತಟ್ಟೆ, ಚೆಂಡು, ಮೂಳೆ ಏನೂ ಇಲ್ಲದ ಖಾಲಿ ಜಾಗ. ಒಬ್ಬೊಬ್ಬರನ್ನೇ ಕರೆದುಕೊಂಡು ಹೋದೆವು. ಮರಿಯನ್ನು ಎತ್ತಿ ಹಿಡಿದು ತೋರಿಸಬೇಡಿ. ದೊಡ್ಡ ನಾಯಿ ಮೇಲೆ ಹಾರುತ್ತದೆ, ಮರಿಗೆ ಓಡಿಹೋಗಲು ದಾರಿಯೇ ಇರುವುದಿಲ್ಲ. ನೆಲದ ಮೇಲೆ ಬಿಟ್ಟು ನಾನು ಪಕ್ಕದಲ್ಲಿ ಕೂತಿದ್ದೆ. ನಮ್ಮನೆಯವರ ಕೈಯಲ್ಲಿ ಕರಿಯನ ಚೈನ್. ಬಿಗಿಯಾಗಿ ಎಳೆದು ಹಿಡಿಯಬಾರದು, ಸಡಿಲ ಇರಬೇಕು. ಚೈನ್ ಬಿಗಿಯಾದರೆ ನಾಯಿಯೂ ಬಿಗಿಯಾಗುತ್ತದೆ.

ಕರಿಯ ಬಾಗಿಲು ದಾಟಿದ ಕೂಡಲೇ ನಿಂತುಬಿಟ್ಟ. ಕುತ್ತಿಗೆಯಿಂದ ಬಾಲದವರೆಗೆ ಬೆನ್ನ ಮೇಲಿನ ಕೂದಲು ಎದ್ದು ನಿಂತಿತು. ನನ್ನ ಎದೆ ಡವಡವ. ಆದರೆ ಕೂದಲು ನಿಂತ ಮಾತ್ರಕ್ಕೆ ಕೋಪ ಅಂತಲ್ಲ. ನಮಗೆ ಮೈ ಜುಮ್ಮೆಂದಾಗ ರೋಮ ಏಳುವುದಿಲ್ಲವೇ, ಅದೇ. ಮರಿ ಕಿವಿ ಹಿಂದಕ್ಕೆ ಮಡಚಿ, ಹೊಟ್ಟೆ ನೆಲಕ್ಕೆ ತಾಗುವ ಹಾಗೆ ತೆವಳಿಕೊಂಡು ಹತ್ತಿರ ಹೋಯಿತು. ಅವನ ಬಾಯಿಯ ಅಂಚನ್ನು ನೆಕ್ಕಿತು. ಆಮೇಲೆ ಅಂಗಾತ ಮಲಗಿ ಅಲ್ಲೇ ಉಚ್ಚೆ ಹೊಯ್ದುಕೊಂಡಿತು. ಇದು ಮರಿಗಳ ನಮಸ್ಕಾರ. ತೋಳದ ಮರಿಗಳೂ ದೊಡ್ಡವರ ಬಾಯಿ ನೆಕ್ಕಿಯೇ ಊಟ ಕೇಳುತ್ತವೆ. ಕರಿಯ ಹೊಟ್ಟೆಯನ್ನೂ ಬಾಲದ ಬುಡವನ್ನೂ ಮೂಸಿದ. ಒಂದೆರಡು ಕ್ಷಣ ಹಾಗೇ ನಿಂತ. ಆಮೇಲೆ ಮುಂಗಾಲು ಚಾಚಿ, ಎದೆ ನೆಲಕ್ಕೆ ತಗ್ಗಿಸಿ, ಹಿಂಭಾಗ ಮೇಲೆತ್ತಿ ಆಟಕ್ಕೆ ಕರೆದ. ಅಲ್ಲಿಗೆ ಅವತ್ತಿನದು ಸಾಕು ಅಂತ ನಿಲ್ಲಿಸಿದೆವು. ಚೆನ್ನಾಗಿ ನಡೆಯುತ್ತಿರುವಾಗಲೇ ನಿಲ್ಲಿಸಬೇಕು, ಯಾರಾದರೂ ಸುಸ್ತಾಗಿ ಕಿರಿಕಿರಿ ಆಗುವವರೆಗೆ ಎಳೆಯಬಾರದು.

ಗೌರಿಯ ಸರದಿ ಬಂದಾಗ ನಮಗೆ ಭಯವೇ ಇರಲಿಲ್ಲ. ಲ್ಯಾಬ್ರಡಾರ್, ಸಾಧು ಸ್ವಭಾವ, ಮಕ್ಕಳು ಕಿವಿ ಎಳೆದರೂ ಸುಮ್ಮನಿರುವವಳು. ಮರಿ ಅದೇ ಥರ ತೆವಳಿಕೊಂಡು ಹೋಯಿತು. ಗೌರಿ ಮುಖ ಆಚೆ ತಿರುಗಿಸಿದಳು. ನಾಲಿಗೆಯಿಂದ ಮೂಗು ಸವರಿಕೊಂಡಳು. ನಿದ್ದೆ ಬಾರದಿದ್ದರೂ ಬಾಯಿ ತೆರೆದು ಆಕಳಿಸಿದಳು. ಎದ್ದು ತಾರಸಿಯ ಇನ್ನೊಂದು ಮೂಲೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಕೂತಳು. "ಪಾಪ, ಅವಳಿಗೆ ಇಷ್ಟ ಇಲ್ಲ" ಅಂದಳು ಮಗಳು. ಅವಳು ಹೇಳಿದ್ದು ಸರಿ. ಮುಖ ತಿರುಗಿಸುವುದು, ತುಟಿ ನೆಕ್ಕುವುದು, ಆಕಳಿಸುವುದು, ಎದ್ದು ಹೋಗುವುದು, ಎಲ್ಲವೂ "ನನ್ನನ್ನು ಬಿಡು" ಅಂತ ಮರ್ಯಾದೆಯಾಗಿ ಹೇಳುವ ರೀತಿ.

ಬೆಳೆದ ನಾಯಿಗಳಲ್ಲಿ ಬಹಳಷ್ಟು ಮರಿಯನ್ನು ಕಂಡರೆ ಹೀಗೇ ಮಾಡುತ್ತವೆ. ತಪ್ಪಿಸಿಕೊಂಡು ಓಡಾಡುತ್ತವೆ. ಕುಣಿದಾಡಿ ಸ್ವಾಗತ ಮಾಡುವುದು ಕಡಿಮೆ. ಮೊದಲ ದಿನವೇ ಪ್ರೀತಿ ಕಾಣಲಿಲ್ಲ ಅಂತ ಯಾರೂ ಬೇಜಾರು ಮಾಡಿಕೊಳ್ಳಬಾರದು.

ಮನೆಯೊಳಗೆ ಬಿಟ್ಟುಕೊಳ್ಳುವ ಮುಂಚೆ ಬಡಗಿಯಿಂದ ಸೊಂಟದೆತ್ತರದ ಮರದ ಗೇಟು ಮಾಡಿಸಿ ಹಾಲ್ ಮತ್ತು ಪಡಸಾಲೆಯ ಮಧ್ಯೆ ಹಾಕಿದೆವು. 1800 ರೂಪಾಯಿ. ಇಡೀ ಖರ್ಚಿನಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದು. ಗೇಟಿನ ಆಚೆ ಗೌರಿಯ ಜಾಗ, ಮರಿಗೆ ಅಲ್ಲಿ ಪ್ರವೇಶ ಇಲ್ಲ. ಊಟ ಮೂವರಿಗೂ ಬೇರೆ ಬೇರೆ ಕಡೆ. ಒಬ್ಬರ ತಟ್ಟೆ ತೆಗೆದ ಮೇಲೆ ಇನ್ನೊಬ್ಬರನ್ನು ಬಿಡುವುದು. ನಾವು ಎದುರಿಗಿಲ್ಲದಾಗ ಮರಿಯನ್ನು ಹಿರಿಯರ ಜೊತೆ ಬಿಡುವುದೇ ಇಲ್ಲ, ಐದು ನಿಮಿಷಕ್ಕೂ ಇಲ್ಲ.

ಕರಿಯ ಮತ್ತು ಬೆಲ್ಲ ನೋಡನೋಡುತ್ತಲೇ ಜೊತೆಯಾದರು. ಅವನು ಬೇಕೆಂದೇ ಕೆಳಗೆ ಮಲಗಿ ಅವಳನ್ನು ಮೈಮೇಲೆ ಹತ್ತಿಸಿಕೊಳ್ಳುತ್ತಿದ್ದ. ಮನಸ್ಸು ಮಾಡಿದರೆ ಒಂದೇ ಕಾಲಿನಲ್ಲಿ ಉರುಳಿಸಬಲ್ಲವನು ತಾನೇ ಸೋಲುತ್ತಿದ್ದ. ಒಮ್ಮೆ ಅವಳ ಇಡೀ ತಲೆ ಅವನ ಬಾಯೊಳಗಿತ್ತು. ಅವಳು ಕುಯ್ಯೋ ಅಂತ ಕಿರುಚಿದಳು. ತಕ್ಷಣ ಬಾಯಿ ತೆರೆದ, ಎರಡು ಹೆಜ್ಜೆ ಹಿಂದಕ್ಕೆ ಹೋಗಿ ನಿಂತ. ನೋಡಿದರೆ ತಲೆ ಪೂರ್ತಿ ಜೊಲ್ಲು, ಒಂದು ಗೀರೂ ಇಲ್ಲ. ಆಟ ಸರಿಯಾಗಿದೆಯಾ ಅಂತ ತಿಳಿಯಲು ನಾವು ನೋಡಿಕೊಂಡ ಗುರುತು ಇದೇ. ಮರಿ ಕಿರುಚಿದಾಗ ದೊಡ್ಡದು ಬಿಡುತ್ತದೆಯಾ? ಬಿಟ್ಟ ಮೇಲೆ ಮರಿ ತಾನಾಗಿಯೇ ಮತ್ತೆ ಅದರ ಹತ್ತಿರ ಹೋಗುತ್ತದೆಯಾ? ಎರಡೂ ಹೌದು ಅಂದರೆ ಮಧ್ಯೆ ಹೋಗಬೇಡಿ.

ಗೌರಿಯದು ದಿನದಿಂದ ದಿನಕ್ಕೆ ಬಿಗಡಾಯಿಸಿತು. ಮೊದಲು ಎದ್ದು ಹೋಗುತ್ತಿದ್ದಳು. ಆಮೇಲೆ ಗುರ್ ಅನ್ನತೊಡಗಿದಳು. ಆಮೇಲೆ ತುಟಿ ಮೇಲೆತ್ತಿ ಹಲ್ಲು ತೋರಿಸಿದಳು. ಒಂದು ಸಂಜೆ ಗಾಳಿಯಲ್ಲಿ ಟಕ್ ಅಂತ ಹಲ್ಲು ಕಡಿದಳು, ಮರಿಗೆ ತಾಗಲಿಲ್ಲ. "ಎರಡು ಏಟು ಕೊಡೇ ಅವಳಿಗೆ, ಬುದ್ಧಿ ಬರುತ್ತೆ" ಅಂದರು ಅತ್ತೆ. ಅದನ್ನು ಡಾಕ್ಟರ ಮುಂದೆ ಹೇಳಿದಾಗ ಅವರು ಸ್ಪಷ್ಟವಾಗಿ ಹೇಳಿದರು: "ಗುರ್ ಅಂದಾಗ ಗದರಿಸಬೇಡಿ. ಗದರಿಸಿದ್ರೆ ಗುರ್ ಅನ್ನೋದನ್ನ ಬಿಡುತ್ತೆ, ಕೋಪ ಬಿಡಲ್ಲ. ಆಮೇಲೆ ಸದ್ದಿಲ್ಲದೆ ಕಚ್ಚುತ್ತೆ." ಈ ಮಾತನ್ನು ನಾನು ಮನೆಯ ಎಲ್ಲರಿಗೂ ಮತ್ತೆ ಮತ್ತೆ ಹೇಳಿದೆ. ಗುರ್ ಅಂದಾಗ ನಾವು ಮಾಡಬೇಕಾದದ್ದು ಮರಿಯನ್ನು ಮೆಲ್ಲಗೆ ಆಚೆ ಕರೆಯುವುದು, ಅಷ್ಟೇ.

ಶಿವರಾತ್ರಿಗೆ ಕೆಲವು ದಿನ ಮುಂಚೆ ಆಗಿದ್ದು ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಕಲಸಿದ ಹಾಗಾಗುತ್ತದೆ. ಗೌರಿ ಮಲಗಿದ್ದಳು. ಬೆಲ್ಲ ಹಿಂದಿನಿಂದ ಓಡಿಬಂದು ಅವಳ ಸೊಂಟದ ಮೇಲೆ ಧೊಪ್ಪನೆ ಬಿದ್ದಳು. ಗೌರಿ ತಿರುಗಿ ಒಮ್ಮೆ ಬಾಯಿ ಹಾಕಿದಳು. ಮರಿ ಮನೆ ಹಾರಿಹೋಗುವ ಹಾಗೆ ಕಿರುಚಿತು. ಕಿವಿಯ ತುದಿಯಲ್ಲಿ ಸಣ್ಣ ಗೀರು, ಒಂದೆರಡು ಹನಿ ರಕ್ತ. ಮಗಳು ಅಳುತ್ತಿದ್ದಾಳೆ. ನಮ್ಮನೆಯವರು "ಮರೀನ ಚಿಕ್ಕಪ್ಪನ ಹತ್ರಾನೇ ಬಿಟ್ಟುಬರೋಣ, ಈ ವಯಸ್ಸಲ್ಲಿ ಗೌರಿಗೆ ಯಾಕೆ ಹಿಂಸೆ" ಅಂದರು. ಗೌರಿ ಊಟ ಬಿಟ್ಟಳು. ತಟ್ಟೆ ಮುಂದಿಟ್ಟರೆ ಮೂಸಿ ಮಲಗಿಬಿಡುತ್ತಿದ್ದಳು. ನನಗೆ ಇಬ್ಬರನ್ನೂ ನೋಡಲಾಗುತ್ತಿರಲಿಲ್ಲ.

ಕಿವಿ ತೋರಿಸಲು ಮರಿಯನ್ನು ಕರೆದುಕೊಂಡು ಹೋದೆ. ಡಾಕ್ಟರು ಕಿವಿಗೆ ಒಂದು ನಿಮಿಷ ಕೂಡ ಕೊಡಲಿಲ್ಲ. "ಯಾವಾಗಲೂ ಸೊಂಟದ ಮೇಲೆ ಬಿದ್ದಾಗಲೇ ಹೀಗೆ ಮಾಡ್ತಾಳಾ?" ಅಂತ ಕೇಳಿದರು. ಯೋಚಿಸಿದೆ. ಹೌದು. ಮುಖದ ಹತ್ತಿರ ಹೋದರೆ ಗುರ್ ಅಷ್ಟೇ. ಹಿಂದೆ ಬಿದ್ದರೆ ಹಲ್ಲು. "ಹಾಗಾದ್ರೆ ಗೌರಿನ ಕರ್ಕೊಂಡು ಬನ್ನಿ."

ಗೌರಿಯ ಹಿಂಗಾಲನ್ನು ಹಿಂದಕ್ಕೆ ಮೆಲ್ಲಗೆ ಎಳೆದು ನೋಡಿದರು. ಅವಳು ಕೂಗಲಿಲ್ಲ. ಸರಕ್ಕನೆ ತಿರುಗಿ ಡಾಕ್ಟರ ಕೈಯನ್ನು ನೋಡಿದಳು, ಉಸಿರು ಬಿಗಿ ಹಿಡಿದಳು. ಎರಡು ತೊಡೆಯನ್ನೂ ನನ್ನ ಕೈಯಿಂದಲೇ ಮುಟ್ಟಿಸಿದರು. ಎಡಗಡೆಯ ತೊಡೆ ಬಲಗಡೆಗಿಂತ ಸಣ್ಣ ಆಗಿತ್ತು. ನೋವಿರುವ ಕಾಲಿನ ಮೇಲೆ ಭಾರ ಹಾಕದೆ ಹಾಕದೆ ಮಾಂಸ ಕರಗಿತ್ತು. ಎಕ್ಸ್‌ರೇಯಲ್ಲಿ ಎರಡೂ ಸೊಂಟದ ಕೀಲು ಸವೆದದ್ದು ಕಾಣಿಸಿತು. ಲ್ಯಾಬ್ರಡಾರ್‌ಗಳಲ್ಲಿ ಇದು ಬಹಳ ಸಾಮಾನ್ಯ. ನಾಯಿಗಳು ಕುಂಟುವುದಕ್ಕೆ ಎಷ್ಟೋ ಮುಂಚೆ ನೋವು ನುಂಗಿಕೊಂಡಿರುತ್ತವಂತೆ. ಮೆಟ್ಟಿಲು ಹತ್ತದೇ ಇದ್ದದ್ದು, ದಿವಾನದ ಮೇಲೆ ಹಾರುವುದನ್ನು ಬಿಟ್ಟದ್ದು, ಎದ್ದಾಗ ಒಂದು ಕ್ಷಣ ನಿಂತು ಆಮೇಲೆ ನಡೆಯುತ್ತಿದ್ದದ್ದು, ಎಲ್ಲಕ್ಕೂ ಅರ್ಥ ಸಿಕ್ಕಿತು. ಅವಳಿಗೆ ಮರಿಯ ಮೇಲೆ ಸಿಟ್ಟು ಇರಲಿಲ್ಲ. ಮೈಮೇಲೆ ಬೀಳುವ ಆ ಮೂರು ಕೆಜಿ ಭಾರಕ್ಕೆ ಹೆದರುತ್ತಿದ್ದಳು. ಕ್ಲಿನಿಕ್‌ನ ಬೆಂಚಿನ ಮೇಲೆ ಕೂತು ಅವಳ ತಲೆ ಹಿಡಿದುಕೊಂಡು ಅತ್ತುಬಿಟ್ಟೆ.

ನಿಮ್ಮ ಮನೆಯ ದೊಡ್ಡ ನಾಯಿಗೆ ಆರೇಳು ವರ್ಷ ದಾಟಿದ್ದರೆ, ಮರಿ ತರುವ ಮುಂಚೆಯೇ ಕೀಲು, ಹಲ್ಲು, ಕಿವಿ, ಕಣ್ಣು ಪರೀಕ್ಷೆ ಮಾಡಿಸಿ. ಕಣ್ಣು ಮಂಜಾದ ನಾಯಿಗೆ, ಕಿವಿ ಕೇಳದ ನಾಯಿಗೆ ಮರಿ ಎಲ್ಲಿಂದ ಬಂತು ಅಂತಲೇ ಗೊತ್ತಾಗದೆ ಬೆಚ್ಚಿ ಕಚ್ಚುತ್ತವೆ. ಇನ್ನೊಂದು ಮಾತು. ನೋವು ಅಂತ ಗೊತ್ತಾದ ಕೂಡಲೇ ಮನೆಯಲ್ಲಿರುವ ಪ್ಯಾರಸಿಟಮಾಲ್, ಬ್ರೂಫೆನ್ ಕೊಡಬೇಡಿ. ನಮಗೆ ಒಗ್ಗುವ ಮಾತ್ರೆ ನಾಯಿಗೆ ವಿಷ ಆಗಬಹುದು. ನಮ್ಮ ಡಾಕ್ಟರು ಮೊದಲು ರಕ್ತ ಪರೀಕ್ಷೆ ಮಾಡಿ ಕಿಡ್ನಿ, ಲಿವರ್ ಸರಿ ಇದೆ ಅಂತ ನೋಡಿಯೇ ನಾಯಿಗಳಿಗೆಂದೇ ಇರುವ ನೋವಿನ ಮಾತ್ರೆ ಬರೆದರು. ಅದನ್ನು ಊಟದ ಜೊತೆಗೇ ಕೊಡಬೇಕು. ತೂಕ 36 ಕೆಜಿ ಇತ್ತು, ಇಳಿಸಲೇಬೇಕು ಅಂದರು. ಸಂಜೆಯ ಬಿಸ್ಕತ್ತು ನಿಂತಿತು. ಅತ್ತೆಗೂ ಗೌರಿಗೂ ಸೇರಿಯೇ ಬೇಜಾರು. ಜಾರುವ ಟೈಲ್ಸ್ ಮೇಲೆಲ್ಲಾ ರಬ್ಬರ್ ಮ್ಯಾಟ್ ಹಾಸಿದೆವು.

ಎಕ್ಸ್‌ರೇ, ರಕ್ತ ಪರೀಕ್ಷೆ, ಮೊದಲ ತಿಂಗಳ ಮಾತ್ರೆ ಎಲ್ಲಾ ಸೇರಿ 4500 ರೂಪಾಯಿ ಹತ್ತಿರ ಆಯಿತು. ಮರಿಯ ಲಸಿಕೆ ಒಂದೊಂದಕ್ಕೆ 750, ರೇಬೀಸ್ 300, ಹುಳದ ಔಷಧಿ ಮತ್ತು ಸ್ಪ್ರೇ ಬೇರೆ. ಇವು ನಮ್ಮ ಬಡಾವಣೆಯ ಖಾಸಗಿ ಕ್ಲಿನಿಕ್ ದರ, ನಿಮ್ಮ ಕಡೆ ಹೆಚ್ಚು ಕಡಿಮೆ ಇರಬಹುದು. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಸುತ್ತಮುತ್ತ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿ ರೇಬೀಸ್ ಲಸಿಕೆ ಹಾಕುವ ಶಿಬಿರ ಇರುತ್ತದೆ, ವಿಚಾರಿಸಿ.

ಮುಂದಿನ ಕೆಲವು ವಾರ ಮರಿ ಮತ್ತು ಗೌರಿಯನ್ನು ಗೇಟಿನ ಆಚೆ ಈಚೆಯೇ ಇಟ್ಟೆವು. ದಿನಕ್ಕೆ ಒಂದೆರಡು ಸಲ, ಬೆಲ್ಲ ಕರಿಯನ ಜೊತೆ ಆಡಿ ಸುಸ್ತಾದ ಮೇಲೆ ಮಾತ್ರ ಗೌರಿಯ ಹತ್ತಿರ ಬಿಡುತ್ತಿದ್ದೆ. ಮರಿಗಳು ದಿನದಲ್ಲಿ ಬಹಳ ಹೊತ್ತು ಮಲಗಬೇಕು. ನಿದ್ದೆ ಕೆಟ್ಟ ಮರಿ ಸಿಕ್ಕಿದ್ದನ್ನೆಲ್ಲಾ ಕಚ್ಚುತ್ತದೆ, ಹಿರಿಯರ ತಾಳ್ಮೆ ಕೆಡುವುದು ಆಗಲೇ. ಬೆಲ್ಲಳಿಗೆ ಹಾರ್ನೆಸ್ ಹಾಕಿ ಉದ್ದದ ಹಗ್ಗ ಕಟ್ಟಿರುತ್ತಿದ್ದೆ. ಗೌರಿಯ ಸೊಂಟದ ಕಡೆ ಓಡಿದರೆ ಹಗ್ಗ ಹಿಡಿದು ನಿಲ್ಲಿಸುವುದು. ಅವಳ ಮುಂದೆ ಬಂದು ಸುಮ್ಮನೆ ಕೂತರೆ ಇಬ್ಬರಿಗೂ ಕೋಳಿ ಚೂರು.

ಮಾತ್ರೆ ಶುರುವಾದ ಮೇಲೆ ಗೌರಿಯಲ್ಲಿ ಬದಲಾವಣೆ ಕಾಣಿಸಿತು. ಮೊದಲು ಊಟ ಸರಿಹೋಯಿತು. ಆಮೇಲೆ ಒಂದು ಬೆಳಿಗ್ಗೆ ತಾನಾಗಿಯೇ ಗೇಟಿನ ಹತ್ತಿರ ಬಂದು ಬೆಲ್ಲಳನ್ನು ಮೂಸಿದಳು, ಬಾಲ ಕೆಳಗೇ ಇಟ್ಟುಕೊಂಡು ನಿಧಾನವಾಗಿ ಅಲ್ಲಾಡಿಸಿದಳು. ಗುರ್ ಅನ್ನುವುದು ನಿಲ್ಲಲಿಲ್ಲ, ನಿಲ್ಲುವುದೂ ಬೇಡ. ಆದರೆ ಚಿಕ್ಕದಾಯಿತು. ಅರ್ಧ ಗುರ್ ಸಾಕು, ಬೆಲ್ಲ ಅಲ್ಲೇ ಬ್ರೇಕ್ ಹಾಕಿ ಮುಖ ತಿರುಗಿಸಿ ಹೋಗುತ್ತಾಳೆ. ನಾವು ನೂರು ಸಲ "ನೋ" ಅಂದರೂ ಕಲಿಯದ ಪಾಠ ಅದು. ನಮ್ಮ ಕೈ ಕಚ್ಚುವುದೂ ಕಡಿಮೆಯಾಯಿತು. ಕರಿಯನಿಂದ ಮತ್ತೊಂದು ಸಹಾಯ ಸಿಕ್ಕಿತು. ಬೆಲ್ಲ ಗೌರಿಯನ್ನು ಜಾಸ್ತಿ ಪೀಡಿಸಿದಾಗ ಅವನು ಎದ್ದು ಬಂದು ಇಬ್ಬರ ಮಧ್ಯೆ ತನ್ನ ಮೈ ಅಡ್ಡ ತಂದು ನಿಲ್ಲುತ್ತಾನೆ. ಬೊಗಳುವುದೂ ಇಲ್ಲ, ಕಚ್ಚುವುದೂ ಇಲ್ಲ. ಯಾರೂ ಅವನಿಗೆ ಇದನ್ನು ಹೇಳಿಕೊಟ್ಟಿಲ್ಲ.

ಎಲ್ಲರ ಮನೆಯಲ್ಲೂ ಹೀಗೇ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ದೊಡ್ಡ ನಾಯಿ ಬಾಯಿ ಮುಚ್ಚಿ, ಮೈ ಸೆಟೆದು, ಕಣ್ಣು ಮಿಟುಕಿಸದೆ ಮರಿಯನ್ನೇ ದಿಟ್ಟಿಸಿದರೆ, ಮರಿ ಹೋದಲ್ಲೆಲ್ಲಾ ಸದ್ದಿಲ್ಲದೆ ಹಿಂಬಾಲಿಸಿದರೆ, ಕಿರುಚಿದರೂ ಬಿಡದಿದ್ದರೆ, ಕಚ್ಚಿ ಹಿಡಿದು ಒದರಿದರೆ, ಅದು ಬುದ್ಧಿ ಹೇಳುವ ಕಡಿತ ಅಲ್ಲ. ಆ ಕ್ಷಣವೇ ಬೇರೆ ಮಾಡಿ, ಡಾಕ್ಟರ ಹತ್ತಿರ ಮಾತಾಡಿ. "ಅವೇ ಜಗಳ ಆಡಿ ಸರಿಹೋಗ್ತವೆ ಬಿಡಿ" ಅನ್ನುವುದು ಎಳೆ ಮರಿಯ ಜೀವದ ಜೊತೆ ಆಡುವ ಆಟ. ಕೆಲವು ನಾಯಿಗಳು ಒಂಟಿಯಾಗಿಯೇ ಸುಖವಾಗಿರುತ್ತವೆ. ಅಂಥ ಮನೆಯವರು ಮರಿಗೆ ಬೇರೆ ಒಳ್ಳೆಯ ಮನೆ ಹುಡುಕಿದರೆ ಅದರಲ್ಲಿ ತಪ್ಪೇನೂ ಇಲ್ಲ.

ಯುಗಾದಿ ಹೊತ್ತಿಗೆ ಬೆಲ್ಲಳಿಗೆ 16 ವಾರ ತುಂಬಿ ಕೊನೆಯ ಲಸಿಕೆ ಆಯಿತು. ಮುಂದಿನ ಹಲ್ಲುಗಳು ಅಲ್ಲಾಡತೊಡಗಿವೆ, ಒಂದು ಹಲ್ಲು ಮಗಳಿಗೆ ಮ್ಯಾಟ್ ಮೇಲೆ ಸಿಕ್ಕಿತು. ನಾಲ್ಕು ತಿಂಗಳು ದಾಟಿದ ಮೇಲೆ ದೊಡ್ಡ ನಾಯಿಗಳು ಮರಿ ಅನ್ನುವ ರಿಯಾಯಿತಿಯನ್ನು ಕಡಿಮೆ ಮಾಡುತ್ತವೆ ಅಂತ ಕೇಳಿದ್ದೆ. ನಮ್ಮಲ್ಲಿ ಅದು ಕಾಣುತ್ತಿದೆ. ಮೊದಲು ಬಾಲ ಹಿಡಿದು ಜೋತುಬಿದ್ದರೂ ಸುಮ್ಮನಿದ್ದ ಕರಿಯ ಈಗ ಒಮ್ಮೆ ಗುರ್ ಅಂದು ಮೂತಿಯಿಂದ ನೆಲಕ್ಕೆ ಒತ್ತಿ ಬಿಡುತ್ತಾನೆ. ಅವಳು ಅಂಗಾತ ಬಿದ್ದು, ಎದ್ದು, ಮೈ ಕೊಡವಿಕೊಂಡು ಆಟಿಕೆ ಹುಡುಕಿಕೊಂಡು ಹೋಗುತ್ತಾಳೆ. ಗೌರಿ ಅವಳ ಜೊತೆ ಆಡುವುದಿಲ್ಲ. ಒಂದು ಮೊಳ ದೂರದಲ್ಲಿ ಮಲಗಲು ಬಿಡುತ್ತಾಳೆ. ನಮಗೆ ಅಷ್ಟೇ ಸಾಕು.

ಮರದ ಗೇಟು ಇನ್ನೂ ಅಲ್ಲೇ ಇದೆ, ಹೊರಗೆ ಹೋಗುವಾಗ ಈಗಲೂ ಹಾಕಿಯೇ ಹೋಗುತ್ತೇವೆ. ಬೆಲ್ಲಳ ರೇಬೀಸ್ ಸರ್ಟಿಫಿಕೇಟ್ ಕೈಗೆ ಬಂದಿದೆ, ಪಾಲಿಕೆಯ ವಲಯ ಕಚೇರಿಯಲ್ಲಿ ಲೈಸೆನ್ಸ್ ವಿಚಾರಿಸಬೇಕು. ಸಂತಾನಹರಣ ಶಸ್ತ್ರಚಿಕಿತ್ಸೆ ಮೊದಲ ಬೆದೆಗೆ ಬರುವ ಮುಂಚೆಯೋ ಆಮೇಲೋ ಅಂತ ಮುಂದಿನ ಭೇಟಿಯಲ್ಲಿ ತೀರ್ಮಾನ. ಗೌರಿ ಒಂದೂವರೆ ಕೆಜಿ ಇಳಿದಿದ್ದಾಳೆ, ಜೂನ್‌ನಲ್ಲಿ ಮತ್ತೆ ರಕ್ತ ಪರೀಕ್ಷೆ ಇದೆ. ಮಾತ್ರೆಯ ಪ್ರಮಾಣ ಅದನ್ನು ನೋಡಿ ಬದಲಾಗುತ್ತದೆ.